ಹೂವಿಟ್ಟ ಕಬ್ಬಿಣ

ಆಯುಧ ಪೂಜೆಯ ದಿನ ಗುಲಾಬಿಗೆ ಬೆಳಗಿನಿಂದ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿರಲಿಲ್ಲ. ಕುಲಶೇಖರದ ಆ ಮನೆಯಲ್ಲಿ ಕಬ್ಬಿಣಕ್ಕೆ ಬರಗಾಲವೇ? ಮಗ ಸುಜಿತ್ ದುಬೈಯಲ್ಲಿ ಎಸಿ ಮೆಕ್ಯಾನಿಕ್ಕಾಗಿ ದುಡಿದು ಬಂದು, ಈಗ ಉರ್ವ ಮಾರ್ಕೆಟ್ಟಿನ ಹತ್ತಿರ ಸ್ವಂತ ರಿಪೇರಿ ಅಂಗಡಿ ಇಟ್ಟವನು. ಅವನ ಸ್ಪ್ಯಾನರು, ಡ್ರಿಲ್ಲು, ತಾಮ್ರದ ಕೊಳವೆ ಬಗ್ಗಿಸುವ ಇಕ್ಕಳ, ಗ್ಯಾಸ್ ನೋಡುವ ಮೀಟರು ಎಲ್ಲ ಜಗಲಿಗೆ ಬಂದು ಕೂತಿದ್ದವು. ಅವುಗಳ ಪಕ್ಕದಲ್ಲಿ ಸೊಸೆ ಹರಿಣಾಕ್ಷಿಯ ಹೊಲಿಗೆ ಮೆಷಿನ್ನು, ಅಡುಗೆಮನೆಯ ಮೆಟ್ಟುಕತ್ತಿ, ಮಿಕ್ಸಿ. ಅಂಗಳದಲ್ಲಿ ಎರಡು ಸ್ಕೂಟರು. ಮೊಮ್ಮಗಳು ನಿರೀಕ್ಷಾ ಪಿಯುಸಿಗೆ ಹೋಗುವ ಹುಡುಗಿ. ಬುಟ್ಟಿ ತುಂಬ ಹೂ ತಂದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

ಗುಲಾಬಿ ಒಂದೊಂದನ್ನೇ ಒರೆಸಿ, ಗಂಧ ಹಚ್ಚಿ, ಕುಂಕುಮವಿಟ್ಟು, ಹೂವಿಡುತ್ತ ಬಂದಳು. ಇಕ್ಕಳದ ಮಗ್ಗುಲಲ್ಲಿ ಅವಳಿಗೆ ಗುರುತಿಲ್ಲದ ಒಂದು ವಸ್ತು ಇತ್ತು. ಸಾಲಾಗಿ ನಾಲ್ಕು ಉಂಗುರ, ಅವಕ್ಕೆ ಅಂಟಿದ ಹಾಗೆ ದಪ್ಪ ಹಿಡಿ. ಕೈಯಲ್ಲಿ ಎತ್ತಿದರೆ ಕಲ್ಲಿನಷ್ಟು ಭಾರ.

"ಇದು ಎಂತ ಮಗಾ? ಎಸಿದಾ?"

ಸುಜಿತ್ ಫೋನಿನಲ್ಲಿ ಯಾರಿಗೋ ಹಬ್ಬದ ಶುಭಾಶಯ ಹೇಳುತ್ತಿದ್ದವನು ಕಣ್ಣು ಕೂಡ ತಿರುಗಿಸಲಿಲ್ಲ. "ಇರ್ಬೇಕು ಅಮ್ಮ."

ಗುಲಾಬಿ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆದು, ಒಂದೊಂದು ಉಂಗುರಕ್ಕೂ ಒಂದೊಂದು ಬೊಟ್ಟು ಕುಂಕುಮ ಇಟ್ಟು, ನಡುವಿಗೆ ದೊಡ್ಡದೊಂದು ಸೇವಂತಿಗೆ ಸಿಕ್ಕಿಸಿದಳು. ಮೊಮ್ಮಗ ಅಶ್ವಿತ್ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದ.

ಮಂಗಳಾರತಿಯ ಹೊತ್ತಿಗೆ ಎದುರು ಮನೆಯ ಶೆರ್ವಿನ್ ಬಂದ. ಐರಿನ್ ಬಾಯಿಯ ಒಬ್ಬನೇ ಮಗ. ಅಪ್ಪ ಡೆರಿಲ್ ಕುವೈತಿನಲ್ಲಿ. ಹುಡುಗ ಮದುವೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಅಶ್ವಿತ್‌ಗಿಂತ ಎರಡು ವರ್ಷಕ್ಕೆ ದೊಡ್ಡವನು. ಚಡ್ಡಿ ಹಾಕುವ ಕಾಲದಿಂದ ಈ ಮನೆಯ ಪಂಚಕಜ್ಜಾಯ ತಪ್ಪಿಸಿದವನಲ್ಲ.

ಪ್ರಸಾದಕ್ಕೆ ಕೈಯೊಡ್ಡಿದವನು ಜಗಲಿಯ ಸಾಲು ನೋಡಿ ಹಾಗೇ ನಿಂತ. "ಅಜ್ಜೀ, ಇದಕ್ಕೂ ಹೂ ಇಟ್ಟದ್ದಾ?"

"ಮನೆಯಲ್ಲಿ ಇದ್ದದ್ದಕ್ಕೆಲ್ಲ ಇಡುದು ಮಾರಾಯ. ಬಿಟ್ರೆ ಆಗ್ತದಾ?"

ಶೆರ್ವಿನ್‌ಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಪಂಚಕಜ್ಜಾಯ ನೆತ್ತಿಗೇರಿ ಕೆಮ್ಮಿದ. "ಅಶ್ವೀ, ನಿನ್ನ ಸಾಮಾನಿಗೆ ಅಜ್ಜಿಯ ಆಶೀರ್ವಾದ ಆಯ್ತು ಮಾರಾಯ! ಇನ್ನು ನಿನಗೆ ಯಾರೂ ಎದುರಿಲ್ಲ."

ಅಶ್ವಿತ್‌ನ ಕಿವಿ ಕೆಂಪಾಯಿತು. ಗುಲಾಬಿ ಮಕ್ಕಳ ತಮಾಷೆ ಎಂದುಕೊಂಡು ಐರಿನ್ ಬಾಯಿಗೂ ಒಂದು ಡಬ್ಬಿ ತುಂಬಿಸಿ ಕಳಿಸಿದಳು.

ಅಶ್ವಿತ್‌ಗೆ ಹದಿನೆಂಟು ತುಂಬಿ ಹೆಚ್ಚು ದಿನವಾಗಿರಲಿಲ್ಲ. ಡಿಗ್ರಿಗೆ ಸೇರಿದವನು ಮಳೆಗಾಲದಿಂದೀಚೆಗೆ ಸಂಜೆ ಸಂಜೆ ಒಂದು ಕ್ಲಾಸಿಗೆ ಹೋಗುತ್ತಿದ್ದ. ಮುಖೇಶ್ ಎಂಬವನು ನಡೆಸುವ ಆತ್ಮರಕ್ಷಣೆಯ ಕ್ಲಾಸು. ಹುಡುಗರೆಲ್ಲ ಅವನಿಗೆ ಮುಖೇಶಣ್ಣ ಎನ್ನುತ್ತಿದ್ದರು. ಅಲ್ಲಿಗೆ ಸೇರಿದ ಮೇಲೆ ಅಶ್ವಿತ್ ಕೂದಲು ಸಣ್ಣ ಮಾಡಿಸಿದ, ಬೆಳಗ್ಗೆ ಎದ್ದು ಟೆರೇಸಿನಲ್ಲಿ ದಂಡ ಹೊಡೆದ, ಅಂಗಡಿಗೆ ಹೊರಟ ಅಪ್ಪನ ಕಾಲು ಮುಟ್ಟಿದ.

"ಶಿಸ್ತು ಅಂದ್ರೆ ಇದು," ಎಂದು ಸುಜಿತ್ ಸಿಕ್ಕವರ ಹತ್ತಿರವೆಲ್ಲ ಹೇಳಿದ. "ಕಾಲೇಜಲ್ಲಿ ಕಲಿಸ್ತಾರಾ ಇದನ್ನು?"

ಕಾಲು ಮುಟ್ಟುವ ಹುಡುಗ ತಾನು ಉಂಡ ಬಟ್ಟಲು ಎತ್ತುತ್ತಿರಲಿಲ್ಲ. ದಿನಾ ಬೆಳಗ್ಗೆ ಅವನಿಗೆ ಆರು ಮೊಟ್ಟೆಯ ಬಿಳಿ ಬೇಕು. ಒಡೆದು ಬೇರೆ ಮಾಡುವುದು ನಿರೀಕ್ಷಾಳ ಕೆಲಸ. ಉಳಿದ ಹಳದಿಯನ್ನು ಏನು ಮಾಡುವುದು? ಗುಲಾಬಿ ಅದಕ್ಕೆ ಈರುಳ್ಳಿ ಹಾಕಿ ಪಲ್ಯ ಮಾಡಿದಳು, ಮಸಾಲೆ ಹಾಕಿ ಗಸಿ ಮಾಡಿದಳು. ಮನೆಯ ಹೆಂಗಸರು ಮೂವರೂ ತಿಂಗಳುಗಟ್ಟಲೆ ಅದನ್ನೇ ತಿಂದರು. ಸಿಂಕಿನಲ್ಲಿ, ಕೈಯಲ್ಲಿ, ಪಾತ್ರೆ ಒರೆಸುವ ಬಟ್ಟೆಯಲ್ಲಿ ಹಸಿ ಮೊಟ್ಟೆಯ ವಾಸನೆ.

"ಒಂದೊಂದು ದಿನ ನೀನೇ ಒಡೆದುಕೊಳ್ಳೋ ಅಣ್ಣ," ಎಂದಳು ಒಮ್ಮೆ ನಿರೀಕ್ಷಾ.

"ಗಂಡಸರಿಗೆ ಎದುರು ಮಾತಾಡ್ಬಾರ್ದು ಅಂತ ನಿನಗೆ ಯಾರೂ ಹೇಳಿ ಕೊಟ್ಟಿಲ್ವಾ?" ಎಂದ ಅವನು, ಮುಖೇಶಣ್ಣನ ದನಿಯಲ್ಲಿ.

ಹರಿಣಾಕ್ಷಿ ನಕ್ಕಳು. ಸುಜಿತ್ ಕೂಡ ನಕ್ಕ.

ಹಬ್ಬ ಕಳೆದ ವಾರದ ಒಂದು ಸಂಜೆ ಗುಲಾಬಿ ದೀಪ ಹಚ್ಚಿ ಏಳುವಷ್ಟರಲ್ಲಿ ಅಶ್ವಿತ್ ಬಂದ. ಅಂಗಳದ ನಳ್ಳಿಯಲ್ಲಿ ಬಹಳ ಹೊತ್ತು ಕೈ ತೊಳೆದ.

"ಅಜ್ಜಿ, ಹಸಿವಾಗ್ತದೆ. ಎಂತ ಉಂಟು?"

ಅವಳು ಅವಲಕ್ಕಿ ಕಲಸಿ ಕೊಟ್ಟಳು. ಅವನು ಅರ್ಧ ತಿಂದಿರಬೇಕು, ಬೀದಿಯಲ್ಲಿ ಐರಿನ್ ಬಾಯಿಯ ಕೂಗು ಕೇಳಿಸಿತು. ಹೊರಗೆ ಬಂದು ನೋಡಿದರೆ ರಿಕ್ಷಾದಲ್ಲಿ ಶೆರ್ವಿನ್. ಬಾಯಿಗೆ ಒತ್ತಿ ಹಿಡಿದ ಟವೆಲು ಪೂರಾ ನೆತ್ತರು. ದವಡೆ ಇರಬೇಕಾದಲ್ಲಿ ಇರಲಿಲ್ಲ. ಒಂದು ಬದಿಗೆ ಜಾರಿ ನೇತಾಡುತ್ತಿತ್ತು. ಅವನು ಗುಲಾಬಿಯನ್ನು ನೋಡಿ ಏನೋ ಹೇಳಲು ಹೋದ. ಬಾಯಿಂದ ಮಾತಿನ ಬದಲು ಹಲ್ಲು ಬಿತ್ತು.

ಗುಲಾಬಿ ಒಳಗೆ ಬಂದಾಗ ಅಶ್ವಿತ್ ಅವಲಕ್ಕಿ ಮುಗಿಸಿ ಬಟ್ಟಲನ್ನು ಅಲ್ಲೇ ಬಿಟ್ಟು ಫೋನು ನೋಡುತ್ತಿದ್ದ.

"ನೀನಾ?"

"ಅವನು ಗ್ರೌಂಡಲ್ಲಿ ಎಲ್ಲರ ಎದುರು ನಕ್ಕ. ಅಜ್ಜಿ ಹೂ ಇಟ್ಟ ಪಂಚ್ ಎಲ್ಲಿ, ತೋರಿಸು ತೋರಿಸು ಅಂತ. ಕ್ಲಾಸಿನವರೆಲ್ಲ ನಗ್ಲಿಕ್ಕೆ ಸುರು ಮಾಡಿದ್ರು. ಒಂದೇ ಕೊಟ್ಟದ್ದು ನಾನು."

ತಾನು ಹುಣಸೆಹುಳಿ ಹಾಕಿ ಬೆಳಗಿದ್ದು ಬೆರಳಿಗೆ ತೊಟ್ಟು ಗುದ್ದುವ ಆಯುಧವನ್ನು ಎಂದು ಗುಲಾಬಿಗೆ ಗೊತ್ತಾದದ್ದು ಆಗ. ಮರುದಿನ ಪೊಲೀಸಿನವನು ಗ್ರೌಂಡಿನಲ್ಲಿ ಸಿಕ್ಕಿದ ಪಂಚಿನ ಫೋಟೋ ತಂದು ತೋರಿಸಿದ. ಅವಳು ಸೊಸೆಯ ಭುಜದ ಹಿಂದಿನಿಂದ ನೋಡಿದಳು. ಉಂಗುರಗಳ ಸಂದಿನಲ್ಲಿ ಕೆಂಪು ಇತ್ತು. ಯಾವ ಕೆಂಪು ಎಂದು ಹೇಳುವಂತಿರಲಿಲ್ಲ.

"ನಮ್ಮ ಮನೆಯಲ್ಲಿ ಇಂಥದ್ದು ನಾವು ನೋಡಿಯೇ ಇಲ್ಲ," ಎಂದಳು ಹರಿಣಾಕ್ಷಿ.

ಅಶ್ವಿತ್ ಅಷ್ಟರಲ್ಲಿ ಕಾಟಿಪಳ್ಳದ ಸೋದರಮಾವನ ಮನೆ ಸೇರಿದ್ದ. ಅವನನ್ನು ಸ್ಕೂಟರಿನಲ್ಲಿ ಬಿಟ್ಟು ಬಂದವನು ಸುಜಿತ್. ಮುಖೇಶಣ್ಣನ ಫೋನು ಸ್ವಿಚ್ ಆಫ್ ಆಯಿತು. ಕ್ಲಾಸಿನ ಹುಡುಗನೊಬ್ಬ ಬಂದು, "ಅಣ್ಣನ ಹೆಸರು ಮಾತ್ರ ಎಲ್ಲೂ ಬರಬಾರದಂತೆ, ಉಳಿದದ್ದೆಲ್ಲ ನಾವು ನೋಡಿಕೊಳ್ತೇವೆ," ಎಂದು ಹೇಳಿ ಹೋದ.

ಆ ಭಾನುವಾರ ವಕೀಲ ಮೋಹನದಾಸರು ಊಟಕ್ಕೆ ಬಂದರು. ಅವರನ್ನು ಕಾಣಲೆಂದು ಅಶ್ವಿತ್‌ನನ್ನೂ ಕಾಟಿಪಳ್ಳದಿಂದ ಕರೆಸಿದ್ದರು. ಬಂಗುಡೆ ಫ್ರೈ, ಮರುವಾಯಿ ಚಿಪ್ಪಿನ ಸುಕ್ಕ, ಕುಚ್ಚಲಕ್ಕಿ ಅನ್ನ. ಹರಿಣಾಕ್ಷಿ ಮೀನು ತರಲು ಮಾರ್ಕೆಟ್ಟಿಗೆ ತಾನೇ ಹೋಗಿದ್ದಳು. ಹೊಟ್ಟೆ ಸೀಳಿ ತೊಳೆದದ್ದು ಗುಲಾಬಿ.

"ಕಾನೂನು ಎಂತ ಹೇಳ್ತದೆ ಅಂತ ಮೊದಲು ತಿಳ್ಕೊಳ್ಳಿ," ಎಂದರು ವಕೀಲರು, ಮೀನಿನ ನಡುಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿ. "ಒಬ್ಬ ನಿಮ್ಮ ಮೇಲೆ ಕೈ ಮಾಡ್ಲಿಕ್ಕೆ ಬಂದ. ಪೊಲೀಸರನ್ನು ಕರೀಲಿಕ್ಕೆ ಸಮಯ ಇಲ್ಲ. ಆಗ ಅವನನ್ನು ತಡೀಲಿಕ್ಕೆ ಎಷ್ಟು ಬೇಕೋ ಅಷ್ಟು ಹೊಡೀಬಹುದು. ಅದು ನಿಮ್ಮ ಹಕ್ಕು. ಯಾರೂ ಕೇಳುವ ಹಾಗಿಲ್ಲ. ಆದ್ರೆ ಕಿಸೆಯಲ್ಲಿ ಮೊದ್ಲೇ ಪಂಚ್ ಹಾಕ್ಕೊಂಡು ಹೋಗಿ ಹೊಡೆದ್ರೆ ಅದು ಆತ್ಮರಕ್ಷಣೆ ಅಂತ ಆಗುದಿಲ್ಲ. ತಯಾರಿ ಅಂತ ಆಗ್ತದೆ."

"ಅವನು ನಕ್ಕದ್ದು ಸಾರ್, ಎಲ್ಲರ ಎದುರು..." ಎಂದು ಅಶ್ವಿತ್ ನಡುವೆ ಬಾಯಿ ಹಾಕಿದ.

"ನೀನು ಸುಮ್ಮನಿರು. ನಕ್ಕವನ ದವಡೆ ಮುರೀಬಹುದು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ."

ಬಡಿಸುತ್ತಿದ್ದ ಗುಲಾಬಿಗೆ ಜೀವ ಬಂದ ಹಾಗಾಯಿತು. ಈ ಮನೆಯಲ್ಲಿ ಕೊನೆಗೂ ಒಬ್ಬರು ಸರಿ ಮಾತಾಡಿದರಲ್ಲ ಎಂದುಕೊಂಡಳು.

"ಹಾಗಾಗಿ," ಎಂದು ಮೋಹನದಾಸರು ಬೆರಳು ನೆಕ್ಕಿದರು, "ನಮಗೆ ಎರಡು ದಾರಿ ಉಂಟು. ಮಗಳು ಟ್ಯೂಷನ್ನಿಂದ ಬರುದು ಆ ಗ್ರೌಂಡಿನ ಬದಿಯಿಂದಲೇ ಅಲ್ವಾ? ಆ ಹುಡುಗ ಅವಳ ಕೈ ಹಿಡಿದು ಎಳೆದ, ಅಣ್ಣ ಬಿಡಿಸ್ಲಿಕ್ಕೆ ಹೋದ. ತಂಗಿಯ ಮಾನ ಅಂತ ಬಂದ್ರೆ ಕೋರ್ಟು ಬೇರೆ ರೀತಿ ನೋಡ್ತದೆ."

ನಿರೀಕ್ಷಾಳ ತುತ್ತು ಕೈಯಲ್ಲೇ ನಿಂತಿತು. "ಶೆರ್ವಿನಣ್ಣ ಅವತ್ತು ನನ್ನ ಹತ್ತಿರ ಬರ್ಲೇ ಇಲ್ಲ."

"ನಿನ್ನನ್ನು ಯಾರು ಕೇಳಿದ್ದು?" ಎಂದ ಸುಜಿತ್.

ಹರಿಣಾಕ್ಷಿ ಯೋಚಿಸಿ ತಲೆಯಾಡಿಸಿದಳು. "ಅದು ಬೇಡ ಸಾರ್. ನಾಳೆ ಇವಳಿಗೆ ಗಂಡು ನೋಡ್ಲಿಕ್ಕೆ ಉಂಟು. ಹುಡುಗಿಯ ಹೆಸರು ಒಮ್ಮೆ ಬಾಯಿಗೆ ಬಿದ್ರೆ ಬಿತ್ತು."

ಅದು ನಡೆದದ್ದಲ್ಲ ಎಂದು ದೊಡ್ಡವರು ಯಾರೂ ಹೇಳಲಿಲ್ಲ. ಲಾಭ ನಷ್ಟ ನೋಡಿ ಬೇಡ ಎಂದರು, ಅಷ್ಟೆ.

"ಹಾಗಾದ್ರೆ ಎರಡನೆಯದು. ಪಂಚ್ ಶೆರ್ವಿನ್‌ನದ್ದು. ಅವನೇ ಹಾಕ್ಕೊಂಡು ಹೊಡೀಲಿಕ್ಕೆ ಬಂದ. ಎಳೆದಾಟದಲ್ಲಿ ಇವನ ಕೈಗೆ ಸಿಕ್ಕಿತು. ಜೀವ ಉಳಿಸ್ಲಿಕ್ಕೆ ಹೊಡೆದ. ಸಾಕ್ಷಿಗೆ ಹುಡುಗರು ಇದ್ದಾರಲ್ಲ?"

"ಕ್ಲಾಸಿನವರು ನಾಲ್ಕು ಜನ ಹೇಳ್ತಾರೆ," ಎಂದ ಅಶ್ವಿತ್. ಅವನ ಮುಖ ಅರಳಿತ್ತು.

"ಆ ಹುಡುಗನ ದವಡೆಗೆ ತಂತಿ ಬಿಗಿದಿದ್ದಾರೆ. ಬಾಯಿ ಬಿಡ್ಲಿಕ್ಕೆ ಇನ್ನೂ ಕೆಲವು ವಾರ ಬೇಕು. ಅಷ್ಟರೊಳಗೆ ನಮ್ಮ ಕಂಪ್ಲೇಂಟ್ ನಿಲ್ಬೇಕು. ಎರಡೂ ಕಡೆ ಕೇಸಾದ್ರೆ ಪೊಲೀಸರಿಗೆ ಅರ್ಜೆಂಟ್ ಇರುದಿಲ್ಲ, ಇವನನ್ನೂ ಮನೆಯಲ್ಲೇ ಇಟ್ಟುಕೊಳ್ಬಹುದು."

ಸುಜಿತ್ ಎಷ್ಟೋ ದಿನದ ಮೇಲೆ ನಕ್ಕ. "ಬಾಯಿ ಬಿಡ್ಲಿಕ್ಕೇ ಆಗುದಿಲ್ಲ ಅಂದ್ರೆ ಮತ್ತೆಂತ! ಹರಿಣಾಕ್ಷೀ, ಸಾರ್‌ಗೆ ಇನ್ನೊಂದು ಬಂಗುಡೆ ಹಾಕು."

ಗುಲಾಬಿ ಸೌಟು ಹಿಡಿದು ಅಲ್ಲೇ ನಿಂತಿದ್ದಳು. "ಅದು ನಮ್ಮ ಜಗಲಿಯಲ್ಲಿ ಇತ್ತಲ್ವಾ ಮಗಾ. ನಾನೇ ಹೂವಿಟ್ಟದ್ದು."

ವಕೀಲರ ದವಡೆಯ ಆಟ ನಿಂತಿತು. ಸುಜಿತ್ ತಾಯಿಯ ಮುಖ ನೋಡಿದ.

"ನೀನು ಇಟ್ಟದ್ದು ಎಸಿ ಪಾರ್ಟಿಗೆ."

"ಅಲ್ಲ. ಫೋಟೋ ನೋಡಿದ್ದೇನೆ ನಾನು."

"ಎಸಿ ಪಾರ್ಟ್ ಅಮ್ಮ. ನೀನೇ ಕೇಳಿದ್ದು, ಎಸಿದಾ ಅಂತ. ನಾನು ಹೌದು ಅಂತ ಹೇಳಿದ್ದೇನೆ. ಅಷ್ಟೇ ನಿನಗೆ ಗೊತ್ತಿರುದು."

ಮೋಹನದಾಸರು ಸಮಾಧಾನದಿಂದ ಎರಡನೆಯ ಬಂಗುಡೆಗೆ ಕೈ ಹಾಕಿದರು. ಗುಲಾಬಿ ಒಳಗೆ ಹೋದಳು. ಅವತ್ತು ಅವಳು ಉಣ್ಣಲಿಲ್ಲ. ಯಾರೂ ಕೇಳಲೂ ಇಲ್ಲ.

ಕಂಪ್ಲೇಂಟ್ ಆಯಿತು. ಅಶ್ವಿತ್ ಕಾಟಿಪಳ್ಳದಿಂದ ಗಂಟುಮೂಟೆ ತಂದ. ಮನೆಗೆ ಮತ್ತೆ ಮೊಟ್ಟೆಯ ಟ್ರೇ ಬಂತು. ಬೀದಿಯಲ್ಲಿ ಮಾತು ತಿರುಗಲು ಹೆಚ್ಚು ದಿನ ಬೇಕಾಗಲಿಲ್ಲ. ಪಂಚ್ ಇಟ್ಟುಕೊಂಡು ತಿರುಗುತ್ತಿದ್ದವನು ಶೆರ್ವಿನ್ನೇ ಅಂತೆ. ಬ್ಯಾಂಡಿನ ಹುಡುಗರಲ್ವಾ, ಮದುವೆ ಮನೆಯಲ್ಲಿ ಕುಡಿದು ಅಭ್ಯಾಸ ಅಂತೆ. ಪಾಪ, ಅಶ್ವಿತ್ ತಪ್ಪಿಸಿಕೊಂಡದ್ದು ಪುಣ್ಯ ಅಂತೆ. ಹಾಲು ತರಲು ಹೋದಲ್ಲಿ ಗುಲಾಬಿಯ ಕಿವಿಗೇ ಇದು ಬಿತ್ತು. ಹೇಳಿದವಳು ಅವಳ ಕೈ ಹಿಡಿದು, "ನಿಮಗೆ ಎಷ್ಟು ಹೆದರಿಕೆ ಆಗಿರ್ಬೇಕು ಗುಲಾಬಿಯಕ್ಕ," ಎಂದು ಕಣ್ಣೀರು ಕೂಡ ಹಾಕಿದಳು. ಗುಲಾಬಿ ಹಾಲಿನ ಪ್ಯಾಕೆಟ್ ಹಿಡಿದು ಸುಮ್ಮನೆ ಮನೆಗೆ ಬಂದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳು ಬೀದಿ ದಾಟಿದಳು. ಐರಿನ್ ಬಾಯಿ ಅಡುಗೆಮನೆಯಲ್ಲಿ ಗಂಜಿಯನ್ನು ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಸೋಸಿ ಹಿಂಡುತ್ತಿದ್ದಳು.

"ಒಂದು ಕಾಳು ಸಿಕ್ಕಿದ್ರೂ ಆಗುದಿಲ್ಲ ಗುಲಾಬಿಯಕ್ಕ. ಹಲ್ಲು ಕಚ್ಚಿ ಕಟ್ಟಿದ್ದಾರೆ. ಹಲ್ಲು ಹೋದ ಸಂದಿಯಿಂದ ನಳಿಗೆ ಹಾಕಿ ಕುಡಿಸುದು. ನಿನ್ನೆ ವಾಂತಿ ಬಂತು. ಬಾಯಿ ಬಿಡ್ಲಿಕ್ಕೆ ಆಗದೆ ಮೂಗಿನಲ್ಲಿ ಬಂತು." ಹಿಂಡಿದ ಬಟ್ಟೆಯನ್ನು ಅವಳು ಮತ್ತೆ ಹಿಂಡಿದಳು. "ಬ್ಯಾಂಡಿನವರು ಬೇರೆಯವನನ್ನು ತೆಗೊಂಡ್ರು. ಊದ್ಲಿಕ್ಕೆ ಇನ್ನು ಆಗ್ತದಾ ಇಲ್ವಾ ಅಂತ ಡಾಕ್ಟ್ರೂ ಹೇಳುದಿಲ್ಲ."

ಒಳಕೋಣೆಯ ಬಾಗಿಲಲ್ಲಿ ಶೆರ್ವಿನ್ ಬಂದು ನಿಂತ. ಮುಖ ಊದಿ ಹಳದಿ ತಿರುಗಿತ್ತು. ಅವನು ಗುಲಾಬಿಯನ್ನೇ ನೋಡಿದ.

"ಇವನು ಪೊಲೀಸರಿಗೆ ಬರೆದು ಕೊಟ್ಟಿದ್ದಾನೆ," ಎಂದಳು ಐರಿನ್ ಬಾಯಿ. "ಅದು ನಿಮ್ಮ ಪೂಜೆಯಲ್ಲಿ ಇತ್ತಂತೆ, ನೀವು ಹೂವಿಟ್ಟದ್ದಂತೆ. ನಿಮಗೆ ನೆನಪುಂಟಾ ಗುಲಾಬಿಯಕ್ಕ? ನೀವೊಂದು ಮಾತು ಹೇಳಿದ್ರೆ ಸಾಕಿತ್ತು."

ಮಗನ ಮುಖ, ಮೊಮ್ಮಗನ ಮುಖ ಎರಡೂ ಗುಲಾಬಿಯ ಕಣ್ಣಮುಂದೆ ಬಂದವು. "ಎಂತ ಹೇಳುದು ಬಾಯಿ... ಸಾಮಾನು ತುಂಬ ಇತ್ತು. ನನಗೆ ಈಗೀಗ ಯಾವುದೂ ಸರಿ ನೆನಪು ನಿಲ್ಲುದಿಲ್ಲ."

ಐರಿನ್ ಬಾಯಿ ಬಟ್ಟೆ ಕೆಳಗಿಟ್ಟು ಅವಳ ಬೆನ್ನು ಸವರಿದಳು. "ಇರಲಿ ಬಿಡಿ. ಪ್ರಾಯ ಆಯ್ತಲ್ಲ. ನೀವು ಬೇಜಾರು ಮಾಡ್ಕೊಳ್ಬೇಡಿ."

ಶೆರ್ವಿನ್ ಬೆನ್ನು ತಿರುಗಿಸಿ ಒಳಗೆ ಹೋದ.

ಮನೆಗೆ ಬಂದವಳೇ ಗುಲಾಬಿ ಬಟ್ಟೆ ಒಗೆಯಲು ಕೂತಳು. ಕೈಗೆ ಕೆಲಸ ಕೊಡದೆ ಇರಲಾರಳು. ಅಶ್ವಿತ್‌ನ ಜೀನ್ಸ್ ಪ್ಯಾಂಟ್ ಕಲ್ಲಿಗೆ ಬಡಿದಾಗ ಟಣ್ ಎಂದಿತು. ಕಿಸೆಗೆ ಕೈ ಹಾಕಿದಳು. ನಾಲ್ಕು ಉಂಗುರ, ದಪ್ಪ ಹಿಡಿ. ಇದು ಹೊಸತು; ಹೊಳೆಯುವ ಕಪ್ಪು ಬಣ್ಣದ್ದು.

ಅವನು ಟೆರೇಸಿನಿಂದ ಬೆವರು ಒರೆಸುತ್ತ ಇಳಿದು ಬಂದ.

"ಇದು ಎಂತ?"

"ಅಲ್ಲೇ ಇಡಿ ಅಜ್ಜಿ, ನೀರು ತಾಗಿದ್ರೆ ತುಕ್ಕು ಹಿಡೀತದೆ. ಪ್ರೊಟೆಕ್ಷನ್ನಿಗೆ. ಈಗ ಅವರು ನನ್ನನ್ನು ಸುಮ್ಮನೆ ಬಿಡ್ತಾರಾ?"

"ಯಾರು? ಗಂಜಿ ಕುಡೀಲಿಕ್ಕೆ ಆಗದವನಾ?"

"ನಿಮಗೆ ಇದೆಲ್ಲ ಗೊತ್ತಾಗುದಿಲ್ಲ. ಪಪ್ಪನಿಗೆ ಗೊತ್ತುಂಟು."

"ಅಪ್ಪ ಎಂತ ಹೇಳಿದ?"

"ಮನೆಯೊಳಗೆ ತರ್ಬೇಡ, ಸ್ಕೂಟರಿನ ಸೀಟಿನಡಿ ಇಡು ಅಂತ." ಅವನು ಕೈ ಚಾಚಿದ. "ಕೊಡಿ ಇಲ್ಲಿ."

ಗುಲಾಬಿ ಕೊಡಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಅಶ್ವಿತ್ ಒಂದು ಹೆಜ್ಜೆ ಮುಂದೆ ಬಂದ. ಅಂಗಳದಲ್ಲಿ ತಂಗಿಯ ಚಪ್ಪಲಿ ಸದ್ದಾಯಿತೆಂದು ನಿಂತ. ಆ ಒಂದು ಹೆಜ್ಜೆಯಲ್ಲಿ ಅವನ ಕಣ್ಣು ಹೇಗಿತ್ತೆಂದು ಗುಲಾಬಿ ನೋಡಿದ್ದಳು. ಎತ್ತಿ ಆಡಿಸಿದ ಮಗು. ತನ್ನ ಸೊಂಟದ ಕಡೆಗೆ ಅವನ ಕೈ ಬಂದ ರೀತಿಗೆ ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು. ಒಗೆಯುವುದನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದಳು.

ರಾತ್ರಿ ಸುಜಿತ್ ಊಟಕ್ಕೆ ಕೂತು ಹೇಳಿದ: "ನಾಳೆ ಎಸ್ಸೈ ಬರ್ತಾರೆ. ಆ ಹುಡುಗ ಅಮ್ಮನ ಹೆಸರು ಬರೆದಿದ್ದಾನಲ್ಲ. ಪ್ರಾಯ ಆದ ಹೆಂಗಸರನ್ನು ಸ್ಟೇಷನ್ನಿಗೆ ಕರೆಯುವ ಹಾಗಿಲ್ಲ, ಮನೆಗೇ ಬಂದು ಕೇಳ್ತಾರೆ. ಅಮ್ಮ, ಎಂತ ಹೇಳ್ತಿ? ಒಮ್ಮೆ ಹೇಳು."

"ಎಂತ ಹೇಳ್ಬೇಕು?"

"ಅಂಥದ್ದು ನಾನು ನೋಡ್ಲೇ ಇಲ್ಲ. ಅಷ್ಟೇ. ಹೇಳು."

"ಹೇಳಿ ಮಾಮಿ," ಎಂದಳು ಹರಿಣಾಕ್ಷಿ. ಅತ್ತೆಯ ಬಟ್ಟಲಿಗೆ ಸಾರು ಹಾಕುತ್ತ ದನಿ ತಗ್ಗಿಸಿದಳು. "ಇವನು ಒಳಗೆ ಹೋದ್ರೆ ನಾಳೆ ಪಾಸ್‌ಪೋರ್ಟ್ ಆಗುದಿಲ್ಲ, ಕೆಲಸ ಆಗುದಿಲ್ಲ. ನಿಮ್ಮ ಮೊಮ್ಮಗನ ಜೀವನ ಮಾಮಿ. ನಾಲ್ಕು ಶಬ್ದ."

"ಆ ಹುಡುಗನದ್ದು ಜೀವನ ಅಲ್ವಾ?"

"ಅವರ ಮನೆಯದ್ದು ಅವರು ನೋಡ್ಕೊಳ್ತಾರೆ. ನೀವು ಯಾರ ಮನೆಯ ಅನ್ನ ಉಣ್ಣುದು?"

ಗುಲಾಬಿ ಬಟ್ಟಲು ಸರಿಸಿ ಎದ್ದಳು. ಸುಜಿತ್ ಹಿಂದಿನಿಂದ ಕೂಗಿದ: "ಹೂವಿಟ್ಟು ನಗೆಪಾಟಲು ಮಾಡಿದವಳು ನೀನು! ನೀನು ಹೂ ಇಡದೆ ಇದ್ರೆ ಇದೆಲ್ಲ ಆಗ್ತಿತ್ತಾ?"

ಬೆಳಗ್ಗೆ ಎಸ್ಸೈ ಬಂದರು, ಜತೆಗೊಬ್ಬಳು ಮಹಿಳಾ ಪೊಲೀಸು. ಮೋಹನದಾಸರು ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಹರಿಣಾಕ್ಷಿ ಚಹಾ ತಂದಳು. ಅಶ್ವಿತ್ ಶರ್ಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು ಬಂದು ಎಸ್ಸೈಯ ಕಾಲು ಮುಟ್ಟಲು ಬಗ್ಗಿದ. ಅವರು ಕಾಲು ಹಿಂದೆ ಎಳೆದುಕೊಂಡರು.

"ಅಜ್ಜಿ, ಹೆದರ್ಬೇಡಿ," ಎಂದು ಎಸ್ಸೈ ಫೋಟೋ ಮುಂದೆ ಹಿಡಿದರು. "ಇದನ್ನು ನೀವು ಎಲ್ಲಾದರೂ ನೋಡಿದ್ದುಂಟಾ?"

"ಉಂಟು," ಎಂದಳು ಗುಲಾಬಿ. "ಆಯುಧ ಪೂಜೆಗೆ ಈ ಜಗಲಿಯಲ್ಲಿ ಇತ್ತು. ಎಸಿಯದ್ದು ಅಂತ ತಿಳಿದು ನಾನೇ ತೊಳೆದು ಹೂವಿಟ್ಟೆ. ಶೆರ್ವಿನ್ ಅದನ್ನು ನೋಡಿ ನಕ್ಕ. ಆ ನಗೆಗೆ ಇವನು ಹೊಡೆದದ್ದು. ಅವತ್ತು ಸಂಜೆ ಬಂದು ನನ್ನ ಹತ್ತಿರ ಹಾಗೇ ಹೇಳಿದ, ಅವಲಕ್ಕಿ ತಿನ್ನುತ್ತ."

ಮೊದಲು ಬಾಯಿಬಿಟ್ಟವನು ಸುಜಿತ್. ದನಿಯಲ್ಲಿ ಬೆಣ್ಣೆ ಇತ್ತು.

"ಸಾರ್, ಹೇಳ್ಲಿಕ್ಕೆ ಬೇಸರ. ಅಮ್ಮನಿಗೆ ಮರೆವಿನ ತೊಂದರೆ ಸುರುವಾಗಿದೆ. ಇವತ್ತು ಹೇಳಿದ್ದು ನಾಳೆ ಇಲ್ಲ. ಯಾರ್‍ಯಾರೋ ಹೇಳಿದ್ದನ್ನು ತಾನೇ ನೋಡಿದ್ದು ಅಂತ ಹೇಳ್ತಾರೆ."

"ಪ್ರಾಯ ಆಗಿದೆ," ಎಂದರು ವಕೀಲರು, ಚಹಾ ಕಪ್ಪು ಕೆಳಗಿಡುತ್ತ. "ಇದು ಹೇಳಿಕೆ ಅಂತ ನಿಲ್ಲುದಿಲ್ಲ."

ಹರಿಣಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೊನ್ನೆ ಗ್ಯಾಸ್ ಕೂಡ ಆಫ್ ಮಾಡಿರ್ಲಿಲ್ಲ ಸಾರ್."

ಗುಲಾಬಿ ಹೆತ್ತ ಮಗನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲೂ ಇಲ್ಲ. ಅವಳು ಎದ್ದು ಒಳಗೆ ಹೋಗಿ, ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟದ್ದನ್ನು ತಂದು ಚಹಾ ಕಪ್ಪುಗಳ ನಡುವೆ ಇಟ್ಟಳು. ಟೀಪಾಯಿಯ ಗಾಜು ಸದ್ದು ಮಾಡಿತು.

"ಇದು ಎರಡನೆಯದು. ನಿನ್ನೆ ಇವನ ಪ್ಯಾಂಟಿನ ಕಿಸೆಯಲ್ಲಿ ಸಿಕ್ಕಿದ್ದು. ನನಗೆ ಮರೆವು ಉಂಟಾ ಇಲ್ವಾ, ನೋಡಿಕೊಳ್ಳಿ."

ಎಸ್ಸೈ ಅದನ್ನು ಕರವಸ್ತ್ರದಲ್ಲಿ ಎತ್ತಿ, ಬಾಗಿಲ ಸಂದಿಯಲ್ಲಿ ನಿಂತಿದ್ದ ನಿರೀಕ್ಷಾಳ ಕಡೆಗೆ ತಿರುಗಿದರು. "ನೀನು ಹೇಳಮ್ಮ. ಅಜ್ಜಿಗೆ ಮರೆವು ಉಂಟಾ?"

ಹುಡುಗಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಇಲ್ಲ ಸರ್. ಅಜ್ಜಿಗೆ ಎಲ್ಲ ನೆನಪುಂಟು. ಸುರುವಿಂದಲೂ ನೆನಪುಂಟು."

ಸುಜಿತ್ ಎದ್ದು ಅವಳ ಕೆನ್ನೆಗೆ ಬಾರಿಸಿದ. ಪೊಲೀಸರ ಎದುರೇ ಬಾರಿಸಿದ. ಮಹಿಳಾ ಪೊಲೀಸು ನಡುವೆ ಬಂದಳು.

ಅಶ್ವಿತ್‌ನನ್ನು ಜೀಪಿಗೆ ಹತ್ತಿಸುವಾಗ ಗುಲಾಬಿ ಕಂಬ ಹಿಡಿದು ನಿಂತಿದ್ದಳು. ಅವನು ಒಮ್ಮೆ ಎದುರು ಮನೆಯ ಕಡೆಗೆ ನೋಡಿಯಾನು ಎಂದು ಕಾದಳು. ಅವನು ತಿರುಗಿ, "ಅಮ್ಮ, ಫೋನು ಚಾರ್ಜಿಗೆ ಇಟ್ಟಿದ್ದೇನೆ, ತೆಗೆದಿಡು," ಎಂದ.

ಜೀಪು ಹೋಯಿತು. ಒಳಗೆ ಸುಜಿತ್ ವಕೀಲರೊಡನೆ ಜಾಮೀನಿನ ಮಾತಾಡುತ್ತಿದ್ದ. ಹರಿಣಾಕ್ಷಿ ಅತ್ತೆಯ ಹಾಸಿಗೆ, ಸೀರೆ, ಎಣ್ಣೆಯ ಬಾಟಲಿ ಎಲ್ಲ ತಂದು ಮನೆಯ ಹಿಂದಿನ ಜಗಲಿಗೆ ಎಸೆಯುತ್ತಿದ್ದಳು. ಗುಲಾಬಿ ಅದನ್ನು ನೋಡಿ ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿ ದಾಟಿದಳು. ಮನಸ್ಸಿನಲ್ಲಿ ಒಂದೇ ಇತ್ತು: ಐರಿನ್ ಬಾಯಿಯ ಅಡುಗೆಮನೆಯಲ್ಲಿ ಕೂರಬೇಕು, ಆ ಗಂಜಿ ಸೋಸುವ ಬಟ್ಟೆಯನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು.

ಐರಿನ್ ಬಾಯಿ ಗ್ರಿಲ್ಲಿನ ಒಳಗೆ ನಿಂತಿದ್ದಳು. ಚಿಲಕ ತೆಗೆಯಲಿಲ್ಲ.

"ಹೇಳಿದೆ ಬಾಯಿ," ಎಂದಳು ಗುಲಾಬಿ. "ಎಲ್ಲ ಹೇಳಿಬಿಟ್ಟೆ."

"ಕೇಳಿಸ್ತು. ಇಲ್ಲಿಗೇ ಕೇಳಿಸ್ತು." ಐರಿನ್ ಬಾಯಿಯ ದನಿ ಏರಲಿಲ್ಲ. "ನಿನ್ನೆ ರಾತ್ರಿ ನಿಮ್ಮ ಸೊಸೆ ಬಂದಿದ್ದಳು. ಮಾಮಿಗೆ ಮರೆವು, ಅವರ ಮಾತು ನಂಬಬೇಡಿ ಅಂತ ಹೇಳ್ಲಿಕ್ಕೆ. ನಾನು ಎಂತ ಹೇಳಿದೆ ಗೊತ್ತುಂಟಾ? ಹೌದು, ಮರೆತೇ ಇರ್ಬೇಕು ಅಂದೆ. ನೆನಪಿದ್ರೆ ಗುಲಾಬಿಯಕ್ಕ ಸುಮ್ಮನಿರುವವರಲ್ಲ ಅಂದೆ. ಶೆರ್ವಿನ್‌ಗೂ ಬುದ್ಧಿ ಹೇಳಿದೆ, ಅಜ್ಜಿಯ ಮೇಲೆ ಕೋಪ ಇಟ್ಕೊಳ್ಬೇಡ ಮಗಾ, ಪ್ರಾಯ ಆಗಿದೆ ಅಂತ."

ಗುಲಾಬಿ ಗ್ರಿಲ್ಲಿನ ಸರಳು ಹಿಡಿದಳು.

"ನನ್ನ ಮಗನನ್ನು ಬೀದಿಯೆಲ್ಲ ರೌಡಿ ಅಂತ ಹೇಳಿತು. ನನ್ನ ಅಡುಗೆಮನೆಯಲ್ಲಿ ನೀವು ನಿಂತಿದ್ರಿ, ಅವನು ನಿಮ್ಮ ಎದುರು ನಿಂತಿದ್ದ. ಆಗಲೂ ನಿಮಗೆ ಎಲ್ಲ ನೆನಪಿತ್ತಾ?"

"ಇತ್ತು ಬಾಯಿ."

ಐರಿನ್ ಬಾಯಿ ಒಳಬಾಗಿಲಿನ ಹಿಡಿಗೆ ಕೈ ಹಾಕಿದಳು.

"ಮರೆತದ್ದೇ ಆಗಿದ್ರೆ ಒಳ್ಳೇದಿತ್ತು," ಎಂದು ಹೇಳಿ, ಒಳಬಾಗಿಲು ಹಾಕಿಕೊಂಡಳು.